ನಾಲ್ಕರಲ್ಲಿ ಒಂದು

ಅಮ್ಮನ ತಮ್ಮನಿಗೆ ನಮ್ಮಿಬ್ಬರಲ್ಲಿ ಒಬ್ಬಳನ್ನು ಕೊಡುವುದೆಂಬ ಮಾತು ನಾವು ತೊಟ್ಟಿಲಲ್ಲಿದ್ದಾಗಿನಿಂದಲೂ ಮನೆಯಲ್ಲಿತ್ತು. ಯಾರನ್ನು ಎಂಬುದಷ್ಟೇ ತೀರ್ಮಾನವಾಗಬೇಕಿತ್ತು. ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ನಮ್ಮ ಮನೆ ಯಗಟಿಯ ಪಕ್ಕದ ಒಂದು ಊರಿನಲ್ಲಿ, ಮಾವನದು ಶಿವನಿಯ ಹತ್ತಿರ. ರಜೆ ಬಂದರೆ ನಾವಿಬ್ಬರೂ ಅಜ್ಜಿಯ ಮನೆಗೆ ಹೋಗುತ್ತಿದ್ದೆವು. ಮಾವ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ನನ್ನನ್ನೂ ಹಿಂದಿನ ಕ್ಯಾರಿಯರ್ ಮೇಲೆ ಅಕ್ಕನನ್ನೂ ಕೂರಿಸಿಕೊಂಡು ಸ್ಟೇಷನ್ನಿಗೆ ಕರೆದೊಯ್ದು ರೈಲು ತೋರಿಸುತ್ತಿದ್ದ. ಅವನು ಒಳ್ಳೆಯವನು. ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ ಒಬ್ಬರು ಕೆಟ್ಟವರಿದ್ದಿದ್ದರೆ ಬಯ್ದುಕೊಂಡು ಹಗುರಾಗಬಹುದಿತ್ತು.

ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು. ನಾನು ಕಡೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಎರಡನೇ ಪಿಯುಸಿಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ಬಟಾಣಿ ಗಿಡಗಳ ಲೆಕ್ಕವನ್ನು ಬಿಡಿಸಿ ತೋರಿಸಿದರು. ಪ್ರತಿ ಗುಣಕ್ಕೂ ನಮ್ಮೊಳಗೆ ಎರಡು ಪ್ರತಿಗಳಿರುತ್ತವೆ, ಒಂದು ಅಪ್ಪನಿಂದ, ಇನ್ನೊಂದು ಅಮ್ಮನಿಂದ. ಒಂದು ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ಕೆಟ್ಟದ್ದು ಸದ್ದಿಲ್ಲದೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಸಾಗುತ್ತಾ ಹೋಗುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ ಹೊರಗೆ ಕಾಣುತ್ತದೆ. ಅಷ್ಟು ಹೇಳಿ ಅವರು ಚಾಕ್‌ಪೀಸ್ ಕೆಳಗಿಟ್ಟು, ಅದಕ್ಕೇ ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಈ ಭಯ ಹೆಚ್ಚು, ಒಂದೇ ಮನೆಯ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಸೇರಿಕೊಳ್ಳಬಹುದು ಎಂದರು. ತರಗತಿಯಲ್ಲಿ ಅರ್ಧ ಜನ ತಲೆ ತಗ್ಗಿಸಿದೆವು. ಅರ್ಧ ಜನರ ಮನೆಗಳಲ್ಲಿ ಅದೇ ನಡೆದಿತ್ತು, ಇಲ್ಲವೇ ನಡೆಯುವುದರಲ್ಲಿತ್ತು.

ಆ ಸಂಜೆ ಅಮ್ಮ ಹಿತ್ತಲಲ್ಲಿ ರಾಗಿ ಕೇರುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಮೇಷ್ಟ್ರು ಹೇಳಿದ್ದನ್ನು ಹೇಳಿದೆ. ಅಮ್ಮ ಕೈ ನಿಲ್ಲಿಸದೆ ಕೇಳಿದಳು. ನಮ್ಮ ಅತ್ತೆಯ ಮನೆಯಲ್ಲಿ ಯಾರಿಗೆ ಏನಾಗಿದೆ, ನಿಮ್ಮ ದೊಡ್ಡಪ್ಪನ ಮನೆಯಲ್ಲಿ ಯಾರಿಗೆ ಏನಾಗಿದೆ ಎಂದು ಒಂದೊಂದೇ ಮನೆಯನ್ನು ಎಣಿಸಿದಳು. ಎಲ್ಲ ಕಡೆಯೂ ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟಿದ್ದರು. ಎಲ್ಲ ಕಡೆಯೂ ಮಕ್ಕಳು ಗುಂಡುಕಲ್ಲಿನ ಹಾಗಿದ್ದರು. ಅವಳು ಹೇಳಿದ್ದು ಸುಳ್ಳಲ್ಲ. ಬಹಳಷ್ಟು ಮನೆಗಳಲ್ಲಿ ಏನೂ ಆಗುವುದಿಲ್ಲ. ಆಗುವ ಮನೆ ಯಾವುದೆಂದು ಮೊದಲೇ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ, ಒಂದು ನೋಟ್‌ಬುಕ್ಕಿನ ಹಾಳೆ ಬಿಟ್ಟರೆ.

ಅಜ್ಜಿಗೂ ಒಂದು ಸಲ ಹೇಳಿದೆ. ಅವಳು ನಕ್ಕು, ನಮ್ಮ ರಕ್ತ ನಮ್ಮ ರಕ್ತಕ್ಕೆ ಸೇರಿದರೆ ಏನು ಕೆಡುತ್ತದೆ ಎಂದು ಹಣೆಗೆ ವಿಭೂತಿ ಹಚ್ಚಿ ಕಳಿಸಿದಳು. ಅಕ್ಕನಿಗೆ ಹೇಳಲೇ ಇಲ್ಲ. ಅವಳಿಗೆ ಮಾವ ಇಷ್ಟವಾಗಿದ್ದ. ಇನ್ನೂ ಒಂದು ನಿಜ ಇದೆ. ಅಕ್ಕ ಒಪ್ಪಿದ್ದರಿಂದ ನನಗೆ ಓದು ಸಿಕ್ಕಿತ್ತು. ಅವಳು ಬೇಡ ಎಂದಿದ್ದರೆ ಸರದಿ ನನ್ನದಾಗುತ್ತಿತ್ತು. ಆದ್ದರಿಂದ ನಾನು ಎಷ್ಟು ಗಟ್ಟಿಯಾಗಿ ಹೇಳಬೇಕಿತ್ತೋ ಅಷ್ಟು ಗಟ್ಟಿಯಾಗಿ ಹೇಳಲಿಲ್ಲ ಎಂದು ಈಗ ಅನ್ನಿಸುತ್ತದೆ. ಆ ವಯಸ್ಸಿನಲ್ಲಿ ಹಾಗೆ ಲೆಕ್ಕ ಹಾಕಿದ್ದೆನೋ ಇಲ್ಲವೋ, ನೆನಪಿಲ್ಲ. ಮದುವೆಯ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿ ಹೋಳಿಗೆ ಬಡಿಸಿದವಳು ನಾನೇ.

ನಾನು ಬಿಎಸ್ಸಿ, ಬಿಎಡ್ ಮಾಡಿ ಅಜ್ಜಂಪುರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ವಿಜ್ಞಾನದ ಟೀಚರಾಗಿ ಬಂದೆ. ಗಂಡ ಸಂಬಂಧಿಕನಲ್ಲ; ಚನ್ನಗಿರಿ ಕಡೆಯವನು, ಕೃಷಿ ಇಲಾಖೆಯಲ್ಲಿದ್ದಾನೆ. ಅಜ್ಜಂಪುರದಲ್ಲಿ ಮನೆ ಮಾಡಿದೆವು. ಅಕ್ಕನ ಊರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲ. ಹೀಗಾಗಿ ಅಕ್ಕನ ಮಗಳು ನನ್ನ ಕಣ್ಣೆದುರೇ ಬೆಳೆದಳು. ಚುರುಕು ಹುಡುಗಿ. ಹಗಲು ಹೊತ್ತು ತೋಟದಲ್ಲಿ ಜಿಂಕೆಯ ಹಾಗೆ ಓಡುತ್ತಿದ್ದವಳು ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕನ ಸೆರಗು ಹಿಡಿದು ಕೂತುಬಿಡುತ್ತಿದ್ದಳು. ಅಂಜುಬುರುಕಿ ಎಂದು ಎಲ್ಲರೂ ರೇಗಿಸುತ್ತಿದ್ದೆವು. ಅವಳಿಗೆ ಏಳು ತುಂಬುವ ಹೊತ್ತಿನಲ್ಲಿ ಒಂದು ಸಂಜೆ ನಾನು ಅಲ್ಲೇ ಇದ್ದೆ. ಅಡುಗೆಮನೆಯಲ್ಲಿ ಬಲ್ಬು ಉರಿಯುತ್ತಿತ್ತು. ಅವಳು ನಡುಮನೆಯಿಂದ ಒಳಗೆ ಬರುತ್ತಾ ಹೊಸ್ತಿಲ ಪಕ್ಕದ ನೀರಿನ ಕೊಡವನ್ನು ಒದ್ದು ಬಿದ್ದಳು. ಎದ್ದು ಕೂತು, "ಅಮ್ಮಾ, ಕರೆಂಟ್ ಹೋಯ್ತಾ?" ಎಂದು ಕೇಳಿದಳು.

ಅಕ್ಕ ನನ್ನ ಮುಖ ನೋಡಿದಳು. ಮಗು ಈ ಪ್ರಶ್ನೆ ಕೇಳಿದ್ದು ಅದೇ ಮೊದಲ ಸಲವಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಇರುಳುಗಣ್ಣು ಇರಬೇಕೆಂದು ಅಕ್ಕ ಎರಡು ತಿಂಗಳಿಂದ ನುಗ್ಗೆ ಸೊಪ್ಪು, ಪರಂಗಿ ಹಣ್ಣು, ಕ್ಯಾರೆಟ್ ತಿನ್ನಿಸುತ್ತಿದ್ದಳಂತೆ. ನಾನೂ ಅದನ್ನೇ ನಂಬಿದೆ. ಎಂಟನೇ ತರಗತಿಯ ಮಕ್ಕಳಿಗೆ ವಿಟಮಿನ್ ಎ ಪಾಠದಲ್ಲಿ ನಾನೇ ಅದನ್ನು ಹೇಳುತ್ತಿದ್ದೆ. ಇನ್ನೂ ಎರಡು ತಿಂಗಳು ಕಾದು, ಏನೂ ಬದಲಾಗದೆ ಹೋದಾಗ ತರೀಕೆರೆಯ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಕಣ್ಣಿಗೆ ಹನಿ ಹಾಕಿ, ಒಂದು ಗಂಟೆ ಕೂರಿಸಿ, ಆಮೇಲೆ ಹಣೆಯ ದೀಪ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನೋಡಿ ಮುಗಿಸಿ ಕೇಳಿದ ಮೊದಲ ಪ್ರಶ್ನೆ, ನಿಮ್ಮದು ಸಂಬಂಧದಲ್ಲಿ ಆದ ಮದುವೆಯಾ ಎಂದು. ಅಕ್ಕ ಸ್ವಲ್ಪ ಹೆಮ್ಮೆಯಿಂದಲೇ, ಹೌದು ಸಾರ್, ನಮ್ಮ ಸೋದರಮಾವನೇ ಎಂದಳು. ಡಾಕ್ಟರು ಮತ್ತೇನೂ ಕೇಳದೆ ಚೀಟಿ ಬರೆಯತೊಡಗಿದರು. ನನಗೆ ಕಡೂರಿನ ಆ ಬೋರ್ಡು ಕಣ್ಣ ಮುಂದೆ ಬಂದು ನಿಂತಿತು.

ಅವರು ಬರೆದುಕೊಟ್ಟ ಚೀಟಿ ಹಿಡಿದು ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಗೆ ಹೋದೆವು. ಮಾವನಿಗೆ ಈರುಳ್ಳಿ ಕೀಳುವ ಸಮಯ, ಬರಲಾಗಲಿಲ್ಲ. ಅಕ್ಕ, ಮಗು, ನಾನು. ಅಲ್ಲಿ ಎರಡು ದಿನ ತರತರದ ಪರೀಕ್ಷೆ ಮಾಡಿದರು. ಕಣ್ಣಿನ ಹಿಂಭಾಗದ ಪರದೆ ನಿಧಾನವಾಗಿ ಒಣಗುವ ಕಾಯಿಲೆ ಎಂದರು. ಮೊದಲು ಮಬ್ಬುಗತ್ತಲಲ್ಲಿ ಕಾಣುವುದು ನಿಲ್ಲುತ್ತದೆ, ಆಮೇಲೆ ಅಕ್ಕಪಕ್ಕದ್ದು ಕಾಣುವುದು ಕಡಿಮೆಯಾಗುತ್ತಾ ಬರುತ್ತದೆ, ಕೊನೆಗೆ ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿನದಷ್ಟೇ ಉಳಿಯುತ್ತದೆ, ಅದು ಎಷ್ಟು ವರ್ಷ ಉಳಿಯುತ್ತದೆಂದು ಹೇಳಲಾಗುವುದಿಲ್ಲ. ಔಷಧಿ ಏನು ಎಂದು ಅಕ್ಕ ಕೇಳಿದಳು. ಸದ್ಯಕ್ಕೆ ಇವಳಿಗೆ ಕೊಡುವಂಥದ್ದು ಇಲ್ಲ ಎಂದರು. ಆಪರೇಷನ್ ಎಂದು ಕೇಳಿದಳು. ಅದೂ ಇಲ್ಲ. ನನ್ನ ಕಣ್ಣು ತೆಗೆದು ಹಾಕಲಿಕ್ಕೆ ಬರುತ್ತದಾ ಎಂದು ಕೇಳಿದಳು. ಡಾಕ್ಟರು ತಲೆ ಅಲ್ಲಾಡಿಸಿ ನನ್ನ ಕಡೆ ನೋಡಿದರು, ಇವರಿಗೆ ನೀವೇ ಹೇಳಿ ಎಂಬಂತೆ.

ಕೊನೆಗೆ ಒಬ್ಬ ಹುಡುಗಿ, ಸಲಹೆ ಹೇಳುವವಳು, ನಮ್ಮನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಅರ್ಧ ಇಂಗ್ಲಿಷಿನಲ್ಲಿ ಮಾತಾಡಿದಳು. ಅಪ್ಪ ಅಮ್ಮ ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಹೊತ್ತವರು, ಅವರಿಗೆ ಏನೂ ಆಗುವುದಿಲ್ಲ, ಆದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲಿನ ಅಪಾಯ ಇದೆ. ಇನ್ನೊಂದು ಮಗು ಬೇಕೆಂದಾದರೆ ಮೊದಲೇ ಬಂದು ಕಾಣಿ ಎಂದಳು. ಅಕ್ಕ ಹೂಂಗುಟ್ಟುತ್ತಾ ಇದ್ದಳು. ಅವಳಿಗೆ ಅರ್ಥವಾಗಿಲ್ಲವೆಂದು ನನಗೆ ಗೊತ್ತಿತ್ತು.

ವಾಪಸ್ ಬರುವಾಗ ಹಗಲಿನ ರೈಲು. ಮಗು ಕಿಟಕಿಯ ಪಕ್ಕ ಕೂತು ಕಡಲೆಕಾಯಿ ತಿನ್ನುತ್ತಾ ಹೊರಗಿನ ತೆಂಗಿನ ತೋಟಗಳನ್ನು ನೋಡುತ್ತಿದ್ದಳು. ತಿಪಟೂರು ದಾಟಿದ ಮೇಲೆ ಅಕ್ಕ, ಆ ಹುಡುಗಿ ಹೇಳಿದ್ದೇನು, ಬಿಡಿಸಿ ಹೇಳು ಎಂದಳು. ನಾನು ಆಸ್ಪತ್ರೆಯ ಕವರಿನ ಹಿಂದೆ ನಾಲ್ಕು ಮನೆಗಳ ಚೌಕ ಬರೆದೆ. ಮೇಲೆ ಮಾವನ ಎರಡು ಪ್ರತಿ, ಪಕ್ಕದಲ್ಲಿ ಅಕ್ಕನ ಎರಡು. ಮೊದಲ ಮನೆಯಲ್ಲಿ ಎರಡೂ ಒಳ್ಳೆಯವು. ನಡುವಿನ ಎರಡರಲ್ಲಿ ಒಂದು ಒಳ್ಳೆಯದು ಒಂದು ಕೆಟ್ಟದ್ದು; ಅವರಿಗೆ ಕಾಯಿಲೆ ಬರುವುದಿಲ್ಲ. ಕೊನೆಯ ಮನೆಯಲ್ಲಿ ಎರಡೂ ಕೆಟ್ಟವು. ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದೆ. ನಾಲ್ಕರಲ್ಲಿ ಒಂದು ಎಂದೆ. ಅಕ್ಕ ಆ ಕೊನೆಯ ಮನೆಯ ಮೇಲೆ ಬೆರಳಿಟ್ಟಳು. ಆಮೇಲೆ ಅಂದಳು.

"ಹಂಗಾದ್ರೆ ಆ ಒಂದು ಇವಳಿಗೆ ಬಂದ್ಬಿಡ್ತು. ಮಿಕ್ಕಿದ ಮೂರೂ ಚೆನ್ನಾಗವೆ."

ಎರಡು ದಿನದಿಂದ ಕಪ್ಪಿಟ್ಟಿದ್ದ ಅವಳ ಮುಖ ಸ್ವಲ್ಪ ಬೆಳಗಿತ್ತು. ಹಾಗಲ್ಲ ಅಕ್ಕ, ಪ್ರತಿ ಸಲವೂ ಹೊಸದಾಗಿ ನಾಲ್ಕರಲ್ಲಿ ಒಂದು, ಒಂದು ಸಲ ಬಂದುಹೋಯಿತೆಂದು ಮುಂದಿನದು ತಪ್ಪುವುದಿಲ್ಲ ಎಂದು ನಾನು ಹೇಳಬೇಕಿತ್ತು. ಎರಡು ವಾಕ್ಯದ ಮಾತು. ಹತ್ತನೇ ತರಗತಿಯ ಮಕ್ಕಳು ಈ ತಪ್ಪು ಮಾಡಿದರೆ ನಾನು ಅಲ್ಲೇ ತಿದ್ದುತ್ತೇನೆ. ಆದರೆ ಅವತ್ತು ಬಾಯಿ ಬರಲಿಲ್ಲ. ಇವತ್ತೊಂದು ದಿನ ಇಷ್ಟಾದರೂ ಇರಲಿ, ಇನ್ನೊಂದು ಮಗುವಿನ ಮಾತು ಈಗ ಯಾರು ಎತ್ತುತ್ತಾರೆ, ಮುಂದೆ ಸಮಯ ನೋಡಿ ಹೇಳಿದರಾಯಿತು ಎಂದುಕೊಂಡೆ. ಕವರನ್ನು ಅಕ್ಕ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು.

ಸಮಯ ನೋಡುತ್ತಾ ನಾಲ್ಕು ತಿಂಗಳು ಹೋಯಿತು. ಹೋದಾಗಲೆಲ್ಲ ಮಾವ ಇರುತ್ತಿದ್ದ, ಅಜ್ಜಿ ಇರುತ್ತಿದ್ದಳು, ಮಗು ಇರುತ್ತಿತ್ತು. ಯಾರೂ ಇಲ್ಲದಾಗ ಅಕ್ಕ ನಗುತ್ತಿರುತ್ತಿದ್ದಳು. ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಮನೆಗೆ ಬಂದರೆ ಅಕ್ಕ ಜಗಲಿಯ ಮೇಲೆ ಕೂತಿದ್ದಳು. ಬಸ್ಸಿಗೆ ಬಂದಿದ್ದಳು. ಕೈಯಲ್ಲಿ ಒಂದು ಡಬ್ಬಿ ತಂಬಿಟ್ಟು. ನಾಚಿಕೊಂಡು, ಮೂರು ತಿಂಗಳು ಎಂದಳು. ಮಾವನಿಗೆ ಭಯವಿತ್ತಂತೆ, ಬೇಡ ಎಂದಿದ್ದನಂತೆ. ತಾನೇ ಆ ಕವರನ್ನು ತೆಗೆದು ಚೌಕ ತೋರಿಸಿ ಒಪ್ಪಿಸಿದೆ ಎಂದಳು. "ಓದಿರೋಳು ನೀನೇ ಬರ್ಕೊಟ್ಟಿದೀಯ ಅಂದ್ಮೇಲೆ ಇನ್ನೇನು ಅಂದೆ. ಸುಮ್ನಾದ್ರು."

ಬೆಂಗಳೂರಿನ ಆ ಹುಡುಗಿ ಮೊದಲೇ ಬಂದು ಕಾಣಿ ಎಂದಿದ್ದಳಲ್ಲ ಎಂದು ನಾನು ಕೇಳಿದೆ. ಆ ಒಂದು ಬಂದುಹೋಗಿದೆ, ಇನ್ನು ಯಾಕೆ ಅಷ್ಟು ದೂರ ಎಂದಳು. ಈಗಲಾದರೂ ಹೇಳಲೇ ಎಂದು ಯೋಚಿಸಿದೆ. ಈಗ ಹೋಗಿ ನೋಡಿಸಿದರೂ ಮಗಳ ರಕ್ತವನ್ನು ಮೊದಲು ಪರೀಕ್ಷಿಸಿ, ಅದರಲ್ಲಿ ಕೆಟ್ಟಿರುವುದು ಯಾವುದೆಂದು ಹುಡುಕಿ, ಆಮೇಲೆ ಹೊಟ್ಟೆಯ ಮಗುವಿನದನ್ನು ನೋಡಬೇಕು. ಅಷ್ಟರಲ್ಲಿ ದಿನ ಮೀರಿರುತ್ತದೆ. ದಿನ ಮೀರದೆಯೇ ಗೊತ್ತಾದರೂ ಆಮೇಲೆ ಏನು ಮಾಡು ಎಂದು ಅವಳಿಗೆ ಹೇಳಲಿ? ನಾಲ್ಕರಲ್ಲಿ ಮೂರು ಪಾಲು ಮಗುವಿನ ಕಡೆಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಂಬಿಟ್ಟು ತಿಂದೆ. ಬಸ್ಸಿಗೆ ಹತ್ತಿಸಿ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. ಗಂಡ ಬಂದು ಏನಾಯಿತು ಎಂದು ಕೇಳಿದಾಗ ಅವನಿಗೆ ಎಲ್ಲವನ್ನೂ ಹೇಳಿದೆ. ಅವನು, ಈಗ ಹೇಳಿ ಆರು ತಿಂಗಳು ಅವರನ್ನು ಹಿಂಸೆ ಮಾಡುವುದು ಬೇಡ ಎಂದ. ನನಗೆ ಬೇಕಾಗಿದ್ದ ಮಾತನ್ನೇ ಅವನು ಹೇಳಿದ.

ಗಂಡು ಮಗು ಹುಟ್ಟಿತು. ಮಾವ ಶಿವನಿಯ ಬೇಕರಿಯಿಂದ ಇಡೀ ಊರಿಗೆ ಸಿಹಿ ಹಂಚಿದ. ಈ ಕಾಯಿಲೆ ಹುಟ್ಟಿದಾಗ ಕಾಣುವುದಿಲ್ಲ. ಮೂರು ವರ್ಷಕ್ಕೂ ಕಾಣುವುದಿಲ್ಲ, ನಾಲ್ಕಕ್ಕೂ ಕಾಣದೆ ಇರಬಹುದು. ಆ ವರ್ಷಗಳಲ್ಲಿ ನಾನು ಅಕ್ಕನ ಮನೆಗೆ ಹೋದಾಗಲೆಲ್ಲ ಸಂಜೆಯವರೆಗೆ ಉಳಿಯುತ್ತಿದ್ದೆ. ಬೆಳಕು ಇಳಿಯುವ ಹೊತ್ತಿಗೆ ಆಟ ಆಡಿಸುವವಳ ಹಾಗೆ ಅಂಗಳದಲ್ಲಿ ನಿಂಬೆಹಣ್ಣು ಉರುಳಿಸಿ ತರಲು ಹೇಳುತ್ತಿದ್ದೆ. ಹುಡುಗ ಓಡಿ ಹೋಗಿ ಹಿಡಿದು ತರುತ್ತಿದ್ದ. ನನಗೆ ಉಸಿರು ಬರುತ್ತಿತ್ತು. ಒಂದೊಂದು ಸಲ ತಡಕಾಡುತ್ತಿದ್ದ. ಮಕ್ಕಳೆಲ್ಲ ತಡಕಾಡುವುದಿಲ್ಲವೇ ಎಂದುಕೊಳ್ಳುತ್ತಿದ್ದೆ. ಆ ಹೊತ್ತಿಗೆ ನನಗೂ ಹುಟ್ಟಿದ್ದ ಮಗನನ್ನೂ ಹಾಗೆಯೇ ಪರೀಕ್ಷಿಸುತ್ತಿದ್ದೆ, ಅವನಿಗೆ ಬರುವ ಸಂಭವ ತೀರಾ ಕಡಿಮೆಯೆಂದು ಗೊತ್ತಿದ್ದರೂ. ನನ್ನಲ್ಲೂ ಆ ಕೆಟ್ಟ ಪ್ರತಿ ಇರಬಹುದು, ಅಕ್ಕನಿಗೆ ಬಂದ ದಾರಿಯಲ್ಲೇ ನನಗೂ ಬಂದಿರಬಹುದು. ಇದ್ದರೂ ನನಗೆ ಏನೂ ಆಗಿಲ್ಲ, ನನ್ನ ಮಗನಿಗೂ ಏನೂ ಆಗಿಲ್ಲ. ನಾನು ಬೇರೆ ಕಡೆ ಮದುವೆಯಾದೆ ಎಂಬುದಷ್ಟೇ ವ್ಯತ್ಯಾಸ.

ಈ ನಡುವೆ ಅಕ್ಕನ ಮಗಳು ಎಂಟನೇ ತರಗತಿಗೆ ನಮ್ಮ ಶಾಲೆಗೇ ಸೇರಿದಳು. ಹಗಲಿನಲ್ಲಿ ಇನ್ನೂ ಚೆನ್ನಾಗಿ ಓದುತ್ತಿದ್ದಳು, ಆದರೆ ಸಂಜೆಯ ಬಸ್ಸು ಆಗುತ್ತಿರಲಿಲ್ಲ. ನಮ್ಮ ಮನೆಯಲ್ಲೇ ಉಳಿದಳು. ಶಾಲೆಯಲ್ಲಿ ನನ್ನನ್ನು ಮಿಸ್ ಎನ್ನುತ್ತಿದ್ದಳು, ಮನೆಯಲ್ಲಿ ಚಿಕ್ಕಮ್ಮ. ಕಿಟಕಿಯ ಪಕ್ಕದ ಮೊದಲ ಬೆಂಚು ಅವಳದು. ಅವಳಿಗೆ ಅಕ್ಕಪಕ್ಕದ್ದು ಕಾಣುವುದು ಆಗಲೇ ಕಡಿಮೆಯಾಗಿತ್ತು. ಯಾರಾದರೂ ಬದಿಯಿಂದ ಬಂದು ಮಾತಾಡಿಸಿದರೆ ಬೆಚ್ಚುತ್ತಿದ್ದಳು.

ಅವಳು ಹತ್ತನೇ ತರಗತಿಗೆ ಬಂದ ವರ್ಷ ಅನುವಂಶೀಯತೆಯ ಪಾಠ ಬಂತು. ನಾನು ಅದನ್ನು ಆದಷ್ಟು ಮುಂದೂಡಿದೆ. ಬೆಳಕಿನ ಪಾಠ ಮುಗಿಸಿದೆ, ವಿದ್ಯುಚ್ಛಕ್ತಿ ಮುಗಿಸಿದೆ. ಕೊನೆಗೆ ಬೇರೆ ದಾರಿಯಿರಲಿಲ್ಲ. ಎತ್ತರದ ಬಟಾಣಿ, ಕುಳ್ಳು ಬಟಾಣಿ, ಪ್ರಬಲ ಗುಣ, ದುರ್ಬಲ ಗುಣ ಎಲ್ಲವನ್ನೂ ಬೋರ್ಡಿಗೆ ಹತ್ತಿಸಿದೆ. ಆ ದುರ್ಬಲ ಎಂಬ ಮಾತನ್ನು ಬರೆಯುವಾಗ ನನ್ನ ಕೈ ಪ್ರತಿ ವರ್ಷವೂ ಒಂದು ಗಳಿಗೆ ನಿಲ್ಲುತ್ತದೆ. ಅವತ್ತು ಹಿಂದೆ ತಿರುಗಿ ನೋಡಲು ಆಗಲಿಲ್ಲ.

ಈ ಪಾಠಕ್ಕೆ ನಾನು ಹುಣಸೆ ಬೀಜದ ಆಟ ಆಡಿಸುತ್ತೇನೆ. ಚೌಕಾಬಾರಕ್ಕೆ ಮಾಡಿಕೊಳ್ಳುವ ಹಾಗೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡುವುದು. ಇಬ್ಬಿಬ್ಬರಿಗೆ ಎರಡು ಬೀಜ. ಒಂದು ತಾಯಿಯದು, ಒಂದು ತಂದೆಯದು. ಎರಡೂ ಬಿಳಿ ಬಿದ್ದರೆ ಕುಳ್ಳು ಗಿಡ, ಒಂದಾದರೂ ಕಪ್ಪು ಬಿದ್ದರೆ ಎತ್ತರದ ಗಿಡ. ನೂರು ಸಲ ಎಸೆದು ಬರೆದುಕೊಂಡರೆ ಹೆಚ್ಚುಕಡಿಮೆ ಕಾಲುಭಾಗ ಕುಳ್ಳು ಗಿಡ ಬರುತ್ತದೆ. ಅವತ್ತು ಅವಳ ಬೀಜಗಳು ಬದಿಗೆ ಉರುಳಿದಾಗ ಅವಳಿಗೆ ಕಾಣುತ್ತಿರಲಿಲ್ಲ. ಪಕ್ಕದ ಹುಡುಗಿ ನೋಡಿ ಹೇಳುತ್ತಿದ್ದಳು, ಇವಳು ಬರೆಯುತ್ತಿದ್ದಳು. ಹಿಂದಿನ ಬೆಂಚಿನವರಿಗೆ ಮೂರು ಸಲ ಒಂದೇ ಸಮ ಎರಡೂ ಬಿಳಿ ಬಿತ್ತು. ಅವರು ಎದ್ದು ನಿಂತು, ಮಿಸ್, ನಮ್ಮ ಕುಳ್ಳು ಗಿಡದ ಪಾಲು ಮುಗಿಯಿತಲ್ಲ, ಇನ್ನು ಒಂಬತ್ತು ಸಲ ಎತ್ತರದ್ದೇ ಬರಬೇಕಲ್ಲ ಎಂದು ಕೇಳಿದರು.

"ಇಲ್ಲ," ಎಂದೆ. "ಬೀಜಕ್ಕೆ ಹಿಂದಿಂದು ನೆನಪಿರಲ್ಲ. ಎಸೆದಾಗಲೆಲ್ಲ ಮೊದಲ್ನೇ ಸಲಾನೇ."

ಎಷ್ಟು ಸಲೀಸಾಗಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಮೊದಲ ಬೆಂಚಿನಲ್ಲಿ ಅವಳು ಪೆನ್ನು ಕೆಳಗಿಟ್ಟು ನನ್ನ ಕಡೆಗೇ ನೋಡುತ್ತಿದ್ದಳು.

ಮಾರನೇ ದಿನ ಭಾನುವಾರ. ಬೆಳಗ್ಗೆ ನಾನು ಬಟ್ಟೆ ಒಗೆಯುತ್ತಿದ್ದೆ, ಅವಳು ಬಂದು ಕಲ್ಲಿನ ಪಕ್ಕ ಕೂತಳು. ಅವಳ ಅಮ್ಮ ಆ ಚೌಕದ ಕವರನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಾಳೆಂದೂ, ಮಿಕ್ಕ ಮೂರು ಒಳ್ಳೆಯವೆಂದು ತನಗೂ ತಮ್ಮನಿಗೂ ಎಷ್ಟೋ ಸಲ ಹೇಳಿದ್ದಾಳೆಂದೂ ಹೇಳಿದಳು. ಅದು ತಪ್ಪಲ್ಲವಾ ಎಂದು ಕೇಳಿದಳು. ತಪ್ಪು ಎಂದೆ. ನಿನಗೆ ಆಗಲೇ ಗೊತ್ತಿತ್ತಾ ಎಂದಳು. ಗೊತ್ತಿತ್ತು ಎಂದೆ. ನನ್ನನ್ನು ಬಯ್ಯುತ್ತಾಳೆ ಎಂದು ಕಾದೆ. ಅವಳು ಬೇರೆಯೇ ಮಾತು ಹೇಳಿದಳು.

"ತಮ್ಮಂಗೂ ಐತೆ ಚಿಕ್ಕಮ್ಮ. ಒಂದು ವರ್ಷದಿಂದ ನಂಗೊತ್ತು. ಊರಿಗೆ ಹೋದಾಗ ಸಂಜೆ ನಾವಿಬ್ರೂ ಕೈ ಹಿಡ್ಕೊಂಡು ತೋಟದಿಂದ ಬತ್ತೀವಲ್ಲ, ಅವನು ನನ್ನ ಕರ್ಕೊಂಡ್ ಬತ್ತಾನೆ ಅಂತ ಅಮ್ಮ ಅಂದ್ಕೊಂಡವಳೆ. ಅವನೂ ಕಾಲಲ್ಲೇ ದಾರಿ ತಡವ್ತಿರ್ತಾನೆ."

ನೀನು ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಲು ನನಗೆ ಯಾವ ಬಾಯಿಯಿತ್ತು? ಇಬ್ಬರೂ ಒಂದೇ ಕಾರಣಕ್ಕೆ ಸುಮ್ಮನಿದ್ದೆವು. ಅವಳಿಗೆ ಹದಿನಾರು ವರ್ಷ, ನಾನು ಅದೇ ಪಾಠವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಹೇಳಿದವಳು.

ಹನ್ನೊಂದರ ಬಸ್ಸಿಗೆ ಇಬ್ಬರೂ ಹೊರಟೆವು. ಅಕ್ಕ ಹಿತ್ತಲಲ್ಲಿ ಬಿತ್ತನೆಯ ಈರುಳ್ಳಿ ಆರಿಸುತ್ತಾ ಕೂತಿದ್ದಳು. ಕೊಳೆತದ್ದು ಒಂದು ಕಡೆ, ಗಟ್ಟಿಯದು ಒಂದು ಕಡೆ. ಹುಡುಗ ಸ್ವಲ್ಪ ದೂರದಲ್ಲಿ ಟೈರು ಉರುಳಿಸಿಕೊಂಡು ಆಡುತ್ತಿದ್ದ. ಒಳ್ಳೆಯ ಬಿಸಿಲು, ಬಿಸಿಲಲ್ಲಿ ಅವನಿಗೆ ಏನೂ ಆಗಿರಲಿಲ್ಲ. ನಾನು ಅಕ್ಕನ ಎದುರು ಕೂತು ಎಲ್ಲವನ್ನೂ ಹೇಳಿದೆ. ರೈಲಿನಲ್ಲಿ ಅವಳು ತಪ್ಪಾಗಿ ತಿಳಿದುಕೊಂಡದ್ದು, ನಾನು ಅದನ್ನು ತಿದ್ದದೆ ಬಿಟ್ಟದ್ದು, ತಂಬಿಟ್ಟಿನ ಡಬ್ಬಿ ತಂದ ದಿನವೂ ಹೇಳದೆ ಹೋದದ್ದು, ನಿಂಬೆಹಣ್ಣು ಉರುಳಿಸುತ್ತಿದ್ದದ್ದು ಯಾಕೆ ಎಂಬುದು. ಹುಡುಗನ ವಿಷಯವನ್ನು ಅವಳ ಮಗಳು ಹೇಳಿದಳು. ಅಕ್ಕನ ಕೈ ಈರುಳ್ಳಿ ಆರಿಸುತ್ತಲೇ ಇತ್ತು. ನಿಧಾನವಾಗಿ ಗಟ್ಟಿಯದೂ ಕೊಳೆತದ್ದೂ ಒಂದೇ ರಾಶಿಗೆ ಬೀಳತೊಡಗಿತು. ಆಮೇಲೆ ಕೈ ನಿಂತಿತು. ಅವಳು ತಲೆಯೆತ್ತಿ ಟೈರಿನ ಹಿಂದೆ ಓಡುತ್ತಿದ್ದ ಹುಡುಗನನ್ನು ನೋಡಿದಳು.

"ನೀನು ಅವತ್ತೇ ಹೇಳಿದ್ರೆ ಇವನು ಇರ್ತಿರ್ಲಿಲ್ಲ, ಅಲ್ವೇನೇ?" ಎಂದಳು.

ಅದು ಬಯ್ಗುಳವೋ ಅಲ್ಲವೋ ನನಗೆ ಅವತ್ತು ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ. ಅವಳು ಎದ್ದು ಒಳಗೆ ಹೋಗಿ ಮೂರು ಲೋಟ ಮಜ್ಜಿಗೆ ತಂದಳು. ನನಗೂ ಕೊಟ್ಟಳು.

ಬೆಂಗಳೂರಿಗೆ ಈ ಸಲ ಮಾವನೂ ಬಂದ. ಹುಡುಗನ ಪರೀಕ್ಷೆ ಬೇಗ ಮುಗಿಯಿತು, ಮನೆಯಲ್ಲಿ ಒಬ್ಬರಿಗೆ ಇರುವುದು ಗೊತ್ತಿದ್ದರಿಂದ. ಅದೇ ಕಾಯಿಲೆ. ಹೊರಗಿನ ಬೆಂಚಿನ ಮೇಲೆ ಮಾವ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತ. ಆಗ ಅವನಿಗೆ ಒಂದು ನೆನಪಾಯಿತು: ಅವನ ಚಿಕ್ಕಪ್ಪ, ನಮ್ಮ ಅಜ್ಜನ ತಮ್ಮ, ನಲವತ್ತಕ್ಕೆಲ್ಲ ಪೂರಾ ಕಣ್ಣು ಕಾಣದೆ ಕೋಲು ಹಿಡಿದಿದ್ದರಂತೆ. ಹುತ್ತ ಅಗೆದದ್ದಕ್ಕೆ ಹಾಗಾಯಿತು ಎಂದು ಮನೆಯವರು ಹೇಳುತ್ತಿದ್ದರು. ಯಾರೂ ಅದನ್ನು ಮದುವೆಯ ಮಾತಿನ ಜೊತೆಗೆ ಸೇರಿಸಿ ಯೋಚಿಸಿರಲಿಲ್ಲ. ಅಮ್ಮ ಮನೆಗಳನ್ನು ಎಣಿಸಿದಾಗ ಆ ಅಜ್ಜ ಅವಳ ಎಣಿಕೆಗೆ ಬಂದಿರಲಿಲ್ಲ. ನನಗೂ ಕೇಳಬೇಕೆಂದು ತೋಚಿರಲಿಲ್ಲ.

ಮಾವ ಊರಿಗೆ ಬಂದ ಮಾರನೇ ದಿನವೇ ಸುಣ್ಣ ಕಲಸಿ ಮನೆಯ ಮೆಟ್ಟಿಲುಗಳ ಅಂಚಿಗೆ, ಜಗಲಿಯ ಅಂಚಿಗೆ, ದನದ ಕೊಟ್ಟಿಗೆಗೆ ಹೋಗುವ ದಾರಿಯ ಕಲ್ಲುಗಳಿಗೆ ಬಳಿದ. ದೊಡ್ಡ ಬಲ್ಬುಗಳನ್ನು ತಂದು ಅಂಗಳದ ನಾಲ್ಕು ಮೂಲೆಗೆ ಹಾಕಿಸಿದ. ಮಳೆ ಬಂದು ಸುಣ್ಣ ತೊಳೆದುಹೋದರೆ ಮತ್ತೆ ಬಳಿಯುತ್ತಾನೆ. ಅಜ್ಜಿ ಮಠಕ್ಕೆ ಹೋಗಿ ಇಬ್ಬರು ಮಕ್ಕಳಿಗೂ ತಾಯಿತ ಕಟ್ಟಿಸಿಕೊಂಡು ಬಂದಳು. ಯಾರೂ ಬೇಡ ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಅಕ್ಕ ನನ್ನ ಜೊತೆ ಮೊದಲಿನ ಹಾಗೆಯೇ ಮಾತಾಡುತ್ತಾಳೆ, ಸೊಪ್ಪು ಕಳಿಸುತ್ತಾಳೆ, ಹಬ್ಬಕ್ಕೆ ಕರೆಯುತ್ತಾಳೆ. ಆದರೆ ಮಕ್ಕಳ ಕಣ್ಣಿನ ವಿಷಯದಲ್ಲಿ ನನ್ನನ್ನು ಏನನ್ನೂ ಕೇಳುವುದಿಲ್ಲ. ಡಾಕ್ಟರು ಏನಾದರೂ ಹೇಳಿದರೆ ಮಗಳ ಹತ್ತಿರ ಕೇಳಿ ತಿಳಿದುಕೊಳ್ಳುತ್ತಾಳೆ. ದೇವರ ಗೂಡಿನಲ್ಲಿದ್ದ ಕವರು ಏನಾಯಿತೆಂದು ನಾನು ಕೇಳಿಲ್ಲ.

ಮಗಳು ಎಸ್ಸೆಸ್ಸೆಲ್ಸಿ ಚೆನ್ನಾಗಿ ಪಾಸಾಗಿ ಕಡೂರಿನಲ್ಲಿ ಪಿಯುಸಿಗೆ ಸೇರಿದ್ದಾಳೆ. ವಿಜ್ಞಾನ ಬೇಡವೆಂದಳು, ಇತಿಹಾಸ, ಅರ್ಥಶಾಸ್ತ್ರ ತೆಗೆದುಕೊಂಡಳು. ಫೋನು ಗಟ್ಟಿಯಾಗಿ ಓದಿ ಹೇಳುವುದನ್ನು ಕೇಳಿಸಿಕೊಂಡು ಓದುವುದು ಕಲಿತಿದ್ದಾಳೆ. ಹಾಸ್ಟೆಲಿನಲ್ಲಿದ್ದಾಳೆ. ವಾರದಲ್ಲಿ ಎರಡು ದಿನ ಕಂಪ್ಯೂಟರ್ ಕ್ಲಾಸು ಮುಗಿದು ಹೊರಗೆ ಬರುವಾಗ ಹೊತ್ತು ಮುಳುಗಿರುತ್ತದೆ. ಆ ದಿನಗಳಲ್ಲಿ ಅವಳು ನನಗೆ ಫೋನ್ ಮಾಡಿ, ಇಯರ್‌ಫೋನ್ ಹಾಕಿಕೊಂಡು, ಕ್ಲಾಸಿನಿಂದ ಹಾಸ್ಟೆಲಿನವರೆಗೆ ನಡೆಯುತ್ತಾಳೆ. ದಾರಿ ಹತ್ತು ನಿಮಿಷದ್ದು. ಗೆಳತಿ ಸಿಕ್ಕರೆ ಸರಿ, ಇಲ್ಲದಿದ್ದರೆ ಒಬ್ಬಳೇ. ನಾನು ಅಜ್ಜಂಪುರದಲ್ಲಿ ಅಡುಗೆಮನೆಯಲ್ಲಿ ನಿಂತು ಕೇಳುತ್ತಿರುತ್ತೇನೆ. ಆಟೋ ಹಾರ್ನು, ಯಾರೋ ತರಕಾರಿ ಕೂಗುವುದು, ಅವಳು ಈಗ ಹಿಡಿಯುವ ಬಿಳಿ ಕೋಲು ಕಲ್ಲಿಗೆ ತಾಗುವುದು. ನಡುವೆ ಒಂದೊಂದು ಸಲ ಅವಳು ಸುಮ್ಮನೆ ನಿಂತುಬಿಡುತ್ತಾಳೆ. ಏನಾಯಿತು ಎಂದು ಕೇಳಿದರೆ ಇಲ್ಲಿ ಯಾರೋ ಬೈಕು ನಿಲ್ಲಿಸಿದ್ದಾರೆ, ಸುತ್ತಿ ಹೋಗುತ್ತಿದ್ದೇನೆ ಎನ್ನುತ್ತಾಳೆ. ಎಡಕ್ಕೋ ಬಲಕ್ಕೋ ಎಂದು ನಾನು ಹೇಳುವಂತಿಲ್ಲ, ನನಗೇನು ಕಾಣುತ್ತದೆ? ಒಲೆಯ ಮೇಲಿನ ಸಾರು ಕುದಿದು ಉಕ್ಕುತ್ತದೆ, ಆರಿಸಲು ಕೈ ಹೋಗುವುದಿಲ್ಲ. ಗೇಟಿನ ಚಿಲಕದ ಸದ್ದು ಬಂದ ಮೇಲೆ ಅವಳು, "ಇಟ್ಬಿಡು ಚಿಕ್ಕಮ್ಮ, ಬಂದ್ಬಿಟ್ಟೆ," ಎನ್ನುತ್ತಾಳೆ. ನಾನು ಫೋನ್ ಇಡುತ್ತೇನೆ.